ಸುಧಾರಣಾಗೃಹಗಳ ತಲೆಯೆಣಿಕೆ ಮತ್ತು ಬಾಲಕರ ನಡವಳಿಕೆ

ಹೈದರಾಬಾದಿನಿಂದ ಸೊಲ್ಲಾಪುರದತ್ತ ಸಾಗುವ ಹೆದ್ದಾರಿಯ ಮೇಲಿರುವ ಪಟಾನ್‌ಚೆರು ಕಾರ್ಖಾನೆಗಳ ಊರು. ಬೀದರ ಸೀಮೆಯಿಂದ ಜಹೀರಾಬಾದಿನ ಮಾರ್ಗವಾಗಿ ದುಡಿಮೆಯನ್ನರಸಿ ಬರುವವರಿಗೆ ಇದು ನಗರದ ಹೆಬ್ಬಾಗಿಲು. ೧೯೫೬ರವರೆಗೆ ಈ ಎರಡು ಸ್ಥಳಗಳೂ ಒಂದೇ ರಾಜ್ಯಕ್ಕೆ ಸೇರಿದ್ದು, ೧೯೫೧ರ ಹೈದರಾಬಾದ್ ಮಕ್ಕಳ ಕಾಯಿದೆಯು ಎರಡಕ್ಕೂ ಅನ್ವಯಿಸುತ್ತಿತ್ತು. ಇಂದು ನಡುವೆ ಗಡಿಯಿದೆ. ಅದನ್ನು ದಾಟಿ ಬಂದ ಕನ್ನಡದ ಹುಡುಗನು ಅಪರಾಧದ ಆಪಾದನೆಗೆ ಒಳಗಾದರೆ ಅವನ ಗತಿಯೇನು? ಇದನ್ನು ತಿಳಿಯಲು ಸುಧಾರಣಾಗೃಹಗಳ ಜನಸಂಖ್ಯೆಯನ್ನೂ ಅಲ್ಲಿನ ನಡವಳಿಕೆಯನ್ನೂ ಒಟ್ಟಿಗೆ ಪರಿಶೀಲಿಸಬೇಕಾಗುತ್ತದೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ವರದಿಯಂತೆ, ಬಾಲಕರ ಮೇಲೆ ದಾಖಲಾದ ಮೊಕದ್ದಮೆಗಳು ೨೦೨೦ರಲ್ಲಿ ೨೯,೭೬೮, ೨೦೨೧ರಲ್ಲಿ ೩೧,೧೭೦, ೨೦೨೨ರಲ್ಲಿ ೩೦,೫೫೫. ಹಿಡಿಯಲ್ಪಟ್ಟವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿನವರು ೧೬ರಿಂದ ೧೮ರ ವಯಸ್ಸಿನವರು. ಆದರೆ ಮೊಕದ್ದಮೆಗಳ ಸಂಖ್ಯೆಯೇ ಗೃಹವಾಸಿಗಳ ಸಂಖ್ಯೆಯಲ್ಲ. ಖಾತೆಯ ಶಿಲ್ಕು ಜಮೆಯೊಂದನ್ನೇ ಅವಲಂಬಿಸದೆ, ಆ ಹಣ ಎಷ್ಟು ದಿನ ಉಳಿಯಿತೆಂಬುದನ್ನೂ ಅವಲಂಬಿಸುತ್ತದೆಯಷ್ಟೆ. ಗೃಹದ ತಲೆಯೆಣಿಕೆಯೂ ಹಾಗೆಯೇ ಪ್ರವೇಶ ಮತ್ತು ವಾಸಾವಧಿಗಳ ಗುಣಲಬ್ಧ. ದಿನಕ್ಕೊಬ್ಬನಂತೆ ಬಂದು ಹತ್ತು ದಿನ ನಿಂತರೆ ಹತ್ತು ಮಂದಿ. ಅರವತ್ತು ದಿನ ನಿಂತರೆ ಅರವತ್ತು ಮಂದಿ. ಅಪರಾಧ ಹೆಚ್ಚದೆಯೂ ಗೃಹ ಕಿಕ್ಕಿರಿಯಬಹುದು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೨೦೦೦ದಲ್ಲಿ ಸುಮಾರು ೧,೦೮,೮೦೦ ಇದ್ದ ಈ ಎಣಿಕೆ ೨೦೨೦ರಲ್ಲಿ ಸುಮಾರು ೨೫,೦೦೦ಕ್ಕೆ ಇಳಿಯಿತು. ಬಂಧನಗಳು ಕಡಿಮೆಯಾದುದರ ಜೊತೆಗೆ, ಹುಡುಗರನ್ನು ಮನೆಯಲ್ಲಿಯೇ ಇರಿಸಿ ಮೇಲ್ವಿಚಾರಿಸುವ ಕ್ರಮವೂ ಇದಕ್ಕೆ ಕಾರಣ.

ಅವಧಿಯ ಪ್ರಭಾವ ನಡತೆಯ ಮೇಲೂ ಉಂಟು. ವಾಸ ದೀರ್ಘವಾದಷ್ಟೂ ಬಂದಿಯು ಸೆರೆಮನೆಯ ಒಳರೂಢಿಗಳಿಗೆ ಒಗ್ಗುವನೆಂದು ಡೊನಾಲ್ಡ್ ಕ್ಲೆಮ್ಮರ್ ೧೯೪೦ರಲ್ಲಿ ಪ್ರತಿಪಾದಿಸಿದನು. ಸ್ಟ್ಯಾಂಟನ್ ವೀಲರ್ ೧೯೬೧ರಲ್ಲಿ ಇದನ್ನು ತಿದ್ದಿ, ವಾಸದ ನಡುಗಾಲದಲ್ಲಿ ಆ ರೂಢಿಗಳ ಹಿಡಿತ ಅತಿಶಯವೆಂದೂ ಬಿಡುಗಡೆ ಸಮೀಪಿಸಿದಂತೆ ಹೊರಗಿನ ಮೌಲ್ಯಗಳು ಮರಳುವುವೆಂದೂ ತೋರಿಸಿದನು. ಹಾಗಾದರೆ ಬಿಡುಗಡೆಯ ದಿನವನ್ನೇ ಅರಿಯದ ಹುಡುಗನಿಗೆ ಆ ನಡುಗಾಲವೇ ಮುಗಿಯದೆಂದು ಊಹಿಸಬಹುದು. ಅಂಥವನ ಮೌನವನ್ನೋ ಮೊಂಡುತನವನ್ನೋ ಸ್ವಭಾವದೋಷವೆಂದು ಬಗೆಯುವುದು ಅವಸರದ ತೀರ್ಮಾನ.

ಊರು, ಭಾಷೆ, ಬಂಧುಗಳು ದೂರವಾದವನಿಗೆ ಈ ಅಪಾಯ ಅಧಿಕ. ಹೊಣೆ ನಿಲ್ಲುವವರಿಲ್ಲದೆ ಅವನು ಒಳಗೇ ಉಳಿಯುತ್ತಾನೆ. ೨೦೧೫ರ ಬಾಲನ್ಯಾಯ ಕಾಯಿದೆಯು ಇದನ್ನು ಮುಂಗಂಡಿದೆ. ಹಿಡಿದ ಬಾಲಕನನ್ನು ೨೪ ಗಂಟೆಗಳೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಜಾಮೀನೇ ನಿಯಮ, ನಿರಾಕರಣೆ ಅಪವಾದ. ಜಾಮೀನಿನ ಷರತ್ತನ್ನು ಏಳು ದಿನಗಳಲ್ಲಿ ಪೂರೈಸಲಾಗದವನನ್ನು, ಷರತ್ತಿನ ಮಾರ್ಪಾಟಿಗಾಗಿ, ಮತ್ತೆ ಮಂಡಳಿಯ ಮುಂದೆ ತರಬೇಕು. ವಿಚಾರಣೆಯ ಭಾಷೆ ತಿಳಿಯದವನಿಗೆ ದುಭಾಷಿಯನ್ನು ಒದಗಿಸಬೇಕು. ಹೊರಗಿನಿಂದ ಬಂದವನನ್ನು ಅವನ ಸ್ವಂತ ಜಿಲ್ಲೆಗೆ ವರ್ಗಾಯಿಸಲೂ ಅವಕಾಶವಿದೆ.

ಈ ವಿಧಿಗಳು ಪುಸ್ತಕದಲ್ಲಿದ್ದರೆ ಸಾಲದು; ಇವೆಯೆಂದು ಬಲ್ಲವರು ಬಾಲಕನ ಪಕ್ಕದಲ್ಲಿರಬೇಕು. ಪಟಾನ್‌ಚೆರುವಿನ ಕೂಲಿಯ ಮಗನ ಮಾತನ್ನು ಮಂಡಳಿಗೆ ತಿಳಿಯಹೇಳಬಲ್ಲವರು ಈ ನಗರದ ಕನ್ನಡಿಗರಲ್ಲದೆ ಮತ್ತಾರು?