ಚಂದಾ ಸಂಗೀತ: ರೂಪವೂ ಬೀಗವೂ

ಕಳೆದ ವರ್ಷ ನಮ್ಮ ವಿದ್ಯಾರ್ಥಿಯೊಬ್ಬನು ನಮ್ಮ ಬಳಿಗೆ ಒಂದು ಪ್ರಶ್ನೆಯನ್ನು ತಂದನು. ತಿಂಗಳ ಚಂದಾ ತೆತ್ತು ಅವನು ನೂರಾರು ಹಾಡುಗಳನ್ನು ತನ್ನ ಫೋನಿಗೆ ಇಳಿಸಿಕೊಂಡಿದ್ದನು. ಅವುಗಳನ್ನು ಎಂಪಿ೩ ರೂಪಕ್ಕೆ ಮಾರ್ಪಡಿಸಿ ಅಜ್ಜನ ಹಳೆಯ ಪ್ಲೇಯರಿನಲ್ಲಿ ಕೇಳಿಸಬೇಕೆಂಬುದು ಅವನ ಆಸೆ. ಆದರೆ ಮಾರ್ಪಡಿಸುವ ತಂತ್ರಾಂಶವು ಆ ಕಡತಗಳನ್ನು ಓದಲೇ ಇಲ್ಲ. ಅಷ್ಟರಲ್ಲಿ ಚಂದಾದ ಅವಧಿಯೂ ಮುಗಿದು, ಫೋನಿನಲ್ಲಿಯೂ ಹಾಡುಗಳು ಮೌನ ತಾಳಿದವು. “ಹಣ ಕೊಟ್ಟ ಹಾಡು ನನ್ನದಲ್ಲವೆ?” ಎಂದು ಅವನು ಕೇಳಿದನು. ಈ ಪ್ರಶ್ನೆಯಲ್ಲಿ ಎರಡು ವಿಷಯಗಳು ಹೆಣೆದುಕೊಂಡಿವೆ: ಹಾಡನ್ನು ಬರೆದಿಟ್ಟಿರುವ ರೂಪ ಒಂದು, ಅದಕ್ಕೆ ಹಾಕಿರುವ ಬೀಗ ಇನ್ನೊಂದು. ಇವೆರಡನ್ನೂ ಬೇರೆಬೇರೆಯಾಗಿ ಪರಿಶೀಲಿಸೋಣ.

ಶಬ್ದವೆಂದರೆ ಗಾಳಿಯ ಒತ್ತಡದಲ್ಲಿ ಉಂಟಾಗುವ ಏರಿಳಿತವೆಂಬುದನ್ನು ವಾಚಕರು ಬಲ್ಲರು. ೧೯೮೨ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಈ ಏರಿಳಿತವನ್ನು ಸೆಕೆಂಡಿಗೆ ೪೪,೧೦೦ ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ ೧೬ ಬಿಟ್‌ಗಳ ಸಂಖ್ಯೆಯಾಗಿ ಬರೆದಿರುತ್ತದೆ. ಬಿಟ್ ಎಂದರೆ ೦ ಅಥವಾ ೧ ಎಂಬ ಒಂದು ಅಂಕೆ. ಎಡಬಲ ಕಿವಿಗಳೆರಡಕ್ಕೂ ಲೆಕ್ಕ ಹಾಕಿದರೆ ಸೆಕೆಂಡಿಗೆ ೧೪,೧೧,೨೦೦ ಬಿಟ್‌ಗಳಾಗುತ್ತವೆ. ನಾಲ್ಕು ನಿಮಿಷದ ಹಾಡಿಗೆ ಸುಮಾರು ೩೪ ಕೋಟಿ ಬಿಟ್‌ಗಳು!

ಈ ರಾಶಿಯನ್ನು ಕುಗ್ಗಿಸಲು ವಿಜ್ಞಾನಿಗಳು ನಮ್ಮ ಕಿವಿಯ ದೌರ್ಬಲ್ಯವನ್ನೇ ಉಪಯೋಗಿಸಿಕೊಂಡರು. ಜಾತ್ರೆಯಲ್ಲಿ ಡೊಳ್ಳು ಮೊಳಗುತ್ತಿರುವಾಗ ಪಕ್ಕದವನ ಪಿಸುಮಾತು ನಮಗೆ ಕೇಳಿಸದಷ್ಟೆ. ಹಾಗೆಯೇ ಗಟ್ಟಿಯಾದ ಸ್ವರವೊಂದು ತನ್ನ ಸಮೀಪದ ಕಂಪನಾಂಕವುಳ್ಳ ಕ್ಷೀಣಸ್ವರವನ್ನು ಮರೆಮಾಡುತ್ತದೆ. ಕೇಳಿಸದ ಅಂಶವನ್ನು ಕೈಬಿಟ್ಟರೆ, ಅಥವಾ ಸ್ಥೂಲವಾಗಿ ಬರೆದರೆ, ಬಾಧಕವೇನು? ಈ ತತ್ತ್ವದ ಮೇಲೆ ಎಂಪಿ೩ ವಿಧಾನವನ್ನು ರೂಪಿಸಿದವರಲ್ಲಿ ಜರ್ಮನಿಯ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬರ್ಗ್ ಪ್ರಮುಖರು. ವಾದ್ಯಗಳಿಲ್ಲದೆ ಬರಿಯ ಕಂಠದಿಂದ ಸೂಜನ್ ವೇಗಾ ಹಾಡಿದ ‘ಟಾಮ್ಸ್ ಡೈನರ್’ ಎಂಬ ಹಾಡು ಮೊದಮೊದಲು ಈ ವಿಧಾನದಲ್ಲಿ ವಿಕಾರವಾಗಿ ಕೇಳಿಸುತ್ತಿತ್ತು. ಅದನ್ನೇ ಒರೆಗಲ್ಲಾಗಿಟ್ಟುಕೊಂಡು ಅವರು ವಿಧಾನವನ್ನು ತಿದ್ದಿದರು. ಸೆಕೆಂಡಿಗೆ ೧,೨೮,೦೦೦ ಬಿಟ್‌ಗಳಲ್ಲಿ ಬರೆದ ಎಂಪಿ೩ ಕಡತವು ಡಿಸ್ಕಿನಲ್ಲಿರುವುದರ ಹನ್ನೊಂದನೆಯ ಒಂದು ಪಾಲು ಮಾತ್ರ. ಅನೇಕ ಚಂದಾ ಸೇವೆಗಳು ಬಳಸುವ ಎಎಸಿ ರೂಪವು ಇದರ ತರುವಾಯ ಬಂದ, ಇನ್ನಷ್ಟು ಚತುರವಾದ ವಿಧಾನ.

ಇನ್ನು ಎಎಸಿಯನ್ನು ಎಂಪಿ೩ಗೆ ಮಾರ್ಪಡಿಸಿದರೆ ಏನಾಗುತ್ತದೆ? ಒಂದು ಸುಲಭವಾದ ಲೆಕ್ಕವನ್ನು ನೋಡೋಣ. ಮೊದಲನೆಯ ವಿಧಾನವು ಸಂಖ್ಯೆಗಳನ್ನು ಹತ್ತಿರದ ಹತ್ತರ ಗುಣಕಕ್ಕೂ ಎರಡನೆಯದು ಹತ್ತಿರದ ಹದಿನೈದರ ಗುಣಕಕ್ಕೂ ಸರಿಹೊಂದಿಸುತ್ತವೆಂದು ಭಾವಿಸಿ. ೫೩ ಎಂಬ ಅಳತೆ ಮೊದಲು ೫೦ ಆಗುತ್ತದೆ, ಬಳಿಕ ೪೫ ಆಗುತ್ತದೆ. ತಪ್ಪು ಮೂರರಿಂದ ಎಂಟಕ್ಕೆ ಬೆಳೆಯಿತು. ೪೭ ಎಂಬ ಅಳತೆಯೂ ಇದೇ ದಾರಿಯಲ್ಲಿ ೪೫ಕ್ಕೆ ಬಂದು ನಿಲ್ಲುತ್ತದೆ. ಹಾಗಾದರೆ ೪೫ನ್ನು ಮಾತ್ರ ಕಂಡವನು, ಮೂಲದಲ್ಲಿದ್ದುದು ೫೩ ಅಥವಾ ೪೭ ಎಂದು ಹೇಗೆ ಹೇಳಿಯಾನು? ಆದುದರಿಂದ ೧,೨೮,೦೦೦ ಬಿಟ್‌ಗಳ ಕಡತವನ್ನು ೩,೨೦,೦೦೦ ಬಿಟ್‌ಗಳಿಗೆ ಏರಿಸಿದರೆ ಕಡತ ದಪ್ಪವಾಗುವುದೇ ಹೊರತು ಹಾಡು ಉತ್ತಮವಾಗದು. ಜರಡಿ ಹಿಡಿದ ಹಿಟ್ಟನ್ನು ದೊಡ್ಡ ಚೀಲಕ್ಕೆ ಸುರಿದ ಮಾತ್ರಕ್ಕೆ ತೌಡು ಮರಳಿ ಬರುವುದಿಲ್ಲ. ಫ್ಲ್ಯಾಕ್‌ನಂತಹ ರೂಪಗಳಾದರೋ ಒಂದು ಬಿಟ್ಟನ್ನೂ ಕಳೆಯದೆ ಕುಗ್ಗಿಸುತ್ತವೆ. ಅವುಗಳಿಂದ ಮೂಲವನ್ನು ಯಥಾವತ್ತಾಗಿ ಮರಳಿ ಪಡೆಯಬಹುದು.

ಈಗ ಬೀಗದ ವಿಚಾರ. ೧೦೧೧ ಎಂಬುದು ಹಾಡಿನ ಒಂದು ತುಣುಕು, ೦೧೧೦ ಎಂಬುದು ಕೀಲಿ ಎಂದಿಟ್ಟುಕೊಳ್ಳಿ. ಕೀಲಿಯಲ್ಲಿ ೧ ಇರುವ ಸ್ಥಾನಗಳಲ್ಲಿ ಹಾಡಿನ ಅಂಕೆಯನ್ನು ತಿರುಗುಮುರುಗು ಮಾಡಿದರೆ ೧೧೦೧ ಬರುತ್ತದೆ. ಕೀಲಿಯುಳ್ಳವನು ಅದೇ ಕ್ರಿಯೆಯನ್ನು ಮತ್ತೊಮ್ಮೆ ಮಾಡಿದರೆ ೧೦೧೧ ಮರಳುತ್ತದೆ. ನಿಜವಾದ ಸಂಕೇತಗಳು ಇದಕ್ಕಿಂತ ಎಷ್ಟೋ ಜಟಿಲವಾದವು. ಆದರೆ ತಿರುಳು ಇಷ್ಟೆ. ಆಪಲ್ ಮ್ಯೂಸಿಕ್, ಸ್ಪಾಟಿಫೈ ಮುಂತಾದ ಸೇವೆಗಳಲ್ಲಿ ಕೀಲಿಯು ಆ ಸೇವೆಯ ತಂತ್ರಾಂಶದ ವಶದಲ್ಲಿಯೇ ಇದ್ದು, ಚಂದಾ ಸಲ್ಲುವವರೆಗೆ ಮಾತ್ರ ಕೆಲಸ ಮಾಡುತ್ತದೆ. ನಮ್ಮ ವಿದ್ಯಾರ್ಥಿಯ ತಂತ್ರಾಂಶಕ್ಕೆ ಕಂಡುದು ಹಾಡಲ್ಲ, ಅರ್ಥವಿಲ್ಲದ ಅಂಕೆಗಳ ರಾಶಿ. ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಇಂತಹ ಬೀಗವನ್ನು ಮುರಿಯುವುದು, ೨೦೧೨ರ ತಿದ್ದುಪಡಿಯ ಬಳಿಕ ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆಯಂತೆ, ಎರಡು ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಯಾಗುವ ಅಪರಾಧ.

ಹೀಗಿರುವಾಗ ಆ ಹಾಡುಗಳು ಯಾರವು? ಚಂದಾ ಎಂಬುದು ವಾಚನಾಲಯದ ಸದಸ್ಯತ್ವದಂತೆ. ಸದಸ್ಯನಾಗಿರುವಷ್ಟು ಕಾಲ ಯಾವ ಪುಸ್ತಕವನ್ನಾದರೂ ಓದಬಹುದು. ಸದಸ್ಯತ್ವ ಮುಗಿದರೆ ಹಿಂದಿರುಗಿಸಬೇಕು. ಕೊಂಡ ಪುಸ್ತಕದ ಮಾತು ಬೇರೆ. ಆಪಲ್ ಸಂಸ್ಥೆಯು ೨೦೦೯ರಲ್ಲಿಯೇ ತಾನು ಮಾರುವ ಹಾಡುಗಳ ಬೀಗವನ್ನು ತೆಗೆದುಹಾಕಿತು. ಹಾಗೆ ಕೊಂಡ ಹಾಡನ್ನು ನಾವು ಬೇರೆ ರೂಪಕ್ಕೆ ಮಾರ್ಪಡಿಸಲು ತೊಡಕಿಲ್ಲ. ಆಗಲೂ ಎರಡು ನಿಯಮಗಳನ್ನು ಮರೆಯಬಾರದು: ಮೂಲ ಕಡತವನ್ನು ಎಂದಿಗೂ ಅಳಿಸಬಾರದು; ಮಾರ್ಪಾಡನ್ನು ಯಾವಾಗಲೂ ಮೂಲದಿಂದಲೇ, ಒಮ್ಮೆ ಮಾತ್ರ, ಮಾಡಬೇಕು.

ನಮ್ಮ ವಿದ್ಯಾರ್ಥಿಯು ಇದನ್ನು ಕೇಳಿ ಮೊದಲು ನಿರಾಶನಾದನು. ಅನಂತರ ಅಜ್ಜನನ್ನು ವಿಚಾರಿಸಲು, ಅವರು ನಿಜವಾಗಿ ಬಯಸಿದ್ದು ಹನ್ನೆರಡೇ ಹಾಡುಗಳನ್ನು ಎಂದು ತಿಳಿಯಿತು. ಆ ಹನ್ನೆರಡನ್ನೂ ಅವನು ಡಿಸ್ಕಿನ ರೂಪದಲ್ಲಿ ಕೊಂಡು, ಎಂಪಿ೩ಗೆ ಇಳಿಸಿ, ಅಜ್ಜನ ಕೈಗಿತ್ತನು. ಡಿಸ್ಕುಗಳು ಅವನ ಕಪಾಟಿನಲ್ಲಿ ಭದ್ರವಾಗಿವೆ.