ಸೌಂದರ್ಯ ಚಿಕಿತ್ಸೆಯ ಉದ್ಯಮ ಮತ್ತು ಗಿರಿಯ ವರ್ತಕ

ಬಾಬಾ ಬುಡನ್‌ಗಿರಿ ಶ್ರೇಣಿಯ ಅತ್ತಿಗುಂಡಿಯಂತಹ ಕಾಫಿ ಸೀಮೆಯ ಊರುಗಳಿಗೆ ಸೌಂದರ್ಯ ಚಿಕಿತ್ಸೆಯ ಉದ್ಯಮವು ಲೇಸರ್ ಯಂತ್ರದ ರೂಪದಲ್ಲಿ ಬರುವುದಿಲ್ಲ. ಮುಖಕ್ಕೆ ಹಚ್ಚುವ ಕ್ರೀಮಿನ ಟ್ಯೂಬಾಗಿ ಬರುತ್ತದೆ. ಆದುದರಿಂದ ಈ ಉದ್ಯಮದಲ್ಲಿ ಯಾರ ಕೆಲಸ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಗಿರಿಯ ವರ್ತಕರೂ ಅರಿತಿರುವುದು ಕ್ಷೇಮಕರ.

ಮೇಲ್ತುದಿಯಲ್ಲಿ ಪ್ಲಾಸ್ಟಿಕ್ ಸರ್ಜನ್ನರು ಹಾಗೂ ಚರ್ಮರೋಗ ತಜ್ಞರಿದ್ದಾರೆ. ಕೊಬ್ಬರಿ ಎಣ್ಣೆಗೆ ಹೆಸರಾದ ಮ್ಯಾರಿಕೋ ಸಂಸ್ಥೆಯು 2002ರಲ್ಲಿ ಕಾಯಾ ಚಿಕಿತ್ಸಾಲಯಗಳನ್ನು ಆರಂಭಿಸಿದುದು ಕಂಪನಿ ಬಂಡವಾಳ ಈ ಕ್ಷೇತ್ರಕ್ಕೆ ಕಾಲಿಟ್ಟುದಕ್ಕೆ ನಿದರ್ಶನ. ಇಂತಹ ವ್ಯವಸ್ಥೆಯಲ್ಲಿ ವೈದ್ಯನು ಒಡೆಯನಲ್ಲ, ಸಂಬಳದ ನೌಕರ. ಅವನ ಕೆಳಗೆ ಪ್ಯಾಕೇಜು ಮಾರುವವರು, ಯಂತ್ರ ನಡೆಸುವವರು. ಅವರಾಚೆಗೆ ಬ್ಯೂಟಿ ಪಾರ್ಲರುಗಳು. ಈ ಮೆಟ್ಟಿಲುಗಳ ನಡುವಿನ ಗೆರೆ ಅಳಿಸಿಹೋಗುತ್ತಿರುವುದೇ ತೊಡಕು. ಕೂದಲು ಕಸಿಯನ್ನು ಯೂಟ್ಯೂಬ್ ನೋಡಿ ಅಥವಾ ಕಾರ್ಯಾಗಾರದಲ್ಲಿ ಕುಳಿತು ಕಲಿತರೆ ಸಾಲದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಸ್ಪಷ್ಟಪಡಿಸಬೇಕಾಯಿತು. ರಾಜ್ಯದಲ್ಲಿ ಖಾಸಗಿ ಚಿಕಿತ್ಸಾಲಯಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಪಡೆದಿರಬೇಕು.

ತೆರಿಗೆಯ ಕಣ್ಣಿಗೂ ಇದು ಬೇರೆಯೇ ವರ್ಗ. 2009ರ ಸೆಪ್ಟೆಂಬರಿನಿಂದ ಸೌಂದರ್ಯ ಶಸ್ತ್ರಚಿಕಿತ್ಸೆಗೆ ಸೇವಾ ತೆರಿಗೆ ಬಿತ್ತು. ಜಿಎಸ್‌ಟಿಯಲ್ಲಿಯೂ ಜನ್ಮದೋಷ ಅಥವಾ ಗಾಯವನ್ನು ಸರಿಪಡಿಸುವ ಶಸ್ತ್ರಕ್ರಿಯೆಗೆ ವಿನಾಯಿತಿಯುಂಟು, ಕೇವಲ ಚೆಲುವಿಗಾಗಿ ಮಾಡಿಸಿದುದಕ್ಕೆ ಇಲ್ಲ.

ಇನ್ನು ಅಂಗಡಿಯ ಮಾತು. ಬೀಟಾಮೆಥಾಸೋನ್, ಕ್ಲೋಬೆಟಸಾಲ್ ಮೊದಲಾದ ಸ್ಟೀರಾಯ್ಡ್ ಬೆರೆತ ಮುಲಾಮುಗಳು ಮೊದಮೊದಲು ಮುಖವನ್ನು ಬೆಳ್ಳಗೆ ತೋರಿಸುತ್ತವೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪೇರಿ, ಮೊಡವೆ ತುಂಬುತ್ತದೆ. ಬಿಟ್ಟರೆ ಉರಿ ಹೆಚ್ಚುವುದರಿಂದ ಗ್ರಾಹಕರು ಮತ್ತೆ ಅದನ್ನೇ ಕೇಳಿಕೊಂಡು ಬರುತ್ತಾರೆ. ಇದನ್ನು ಒಳ್ಳೆಯ ವ್ಯಾಪಾರವೆಂದು ಭಾವಿಸುವ ವರ್ತಕರು ಅಪಾಯದಲ್ಲಿದ್ದಾರೆ. 2018ರಲ್ಲಿ ಈ ಬಗೆಯ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಲಾಗಿದ್ದು, ವೈದ್ಯರ ಚೀಟಿಯಿಲ್ಲದೆ ಔಷಧದಂಗಡಿಯೂ ಮಾರುವಂತಿಲ್ಲ. ಕಿರಾಣಿ ಅಂಗಡಿಯ ಮಾತೇ ಇಲ್ಲ. ಹೆಸರು ವಿಳಾಸವಿಲ್ಲದ ಬಿಳುಪಿನ ಕ್ರೀಮುಗಳದು ಇನ್ನೂ ದೊಡ್ಡ ಕಥೆ. ಕೇರಳದ ಕೋಟ್ಟಕ್ಕಲ್‌ನ ವೈದ್ಯರು ಪಾದರಸದ ಕ್ರೀಮು ಬಳಸಿದವರಲ್ಲಿ ಮೂತ್ರಪಿಂಡದ ಕಾಯಿಲೆಯನ್ನು ಕಂಡು 2023ರಲ್ಲಿ ವರದಿ ಮಾಡಿದರು.

ಪ್ರವಾಸಿಗರಿಗೆಂದು ಮನೆಯಲ್ಲೇ ಕಾಫಿಪುಡಿಯ ಸಾಬೂನು, ಸ್ಕ್ರಬ್ ಮಾಡಿ ಮಾರಲು ಯೋಚಿಸುವವರೂ ಗಮನಿಸಬೇಕು. 1982ರ ತಿದ್ದುಪಡಿಯಿಂದ ಸಾಬೂನು ಸಹ ಕಾನೂನಿನಲ್ಲಿ ಸೌಂದರ್ಯವರ್ಧಕವೇ ಆಗಿದೆ. ಅಂಗಡಿಯಲ್ಲಿಟ್ಟು ಮಾರಲು ಪರವಾನಗಿ ಬೇಡ, ತಯಾರಿಸಲು ಬೇಕು. 2020ರ ಸೌಂದರ್ಯವರ್ಧಕ ನಿಯಮಗಳಡಿ ಇದಕ್ಕೆ ಸಿಒಎಸ್-5 ನಮೂನೆಯಲ್ಲಿ ಅರ್ಜಿ ಹಾಕಬೇಕು. ಸ್ವಂತ ಘಟಕವಿಲ್ಲದವರು ಪರವಾನಗಿಯುಳ್ಳ ಬೇರೊಬ್ಬರ ಘಟಕದಲ್ಲಿ ತಯಾರಿಸುವ ಲೋನ್ ಲೈಸೆನ್ಸ್ ಪಡೆಯಬಹುದು. ಸಣ್ಣ ಬಂಡವಾಳದವರಿಗೆ ಈ ದಾರಿಯೇ ವಾಸಿ. ಲೇಬಲ್ಲಿನಲ್ಲಿ ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ಬಳಕೆಯ ಅವಧಿ, ಪರವಾನಗಿ ಸಂಖ್ಯೆ ಇರತಕ್ಕದ್ದು. ‘ಇಸುಬು ವಾಸಿಮಾಡುತ್ತದೆ’ ಎಂದು ಬರೆದರೆ ಅದೇ ಸಾಬೂನು ಔಷಧವೆಂದು ಪರಿಗಣಿತವಾಗಿ ಬೇರೆ ಪರವಾನಗಿ ಬೇಕಾಗುತ್ತದೆ. ಸ್ನಾನದ ಸಾಬೂನು ಬಿಲ್ಲೆಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 18ರಿಂದ ಶೇ. 5ಕ್ಕೆ ಇಳಿದಿರುವುದರಿಂದ ಬೆಲೆ ನಿಗದಿ ಮಾಡುವಾಗ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.