ಗಡಿಗೆಯ ನೀರು, ಪೀಪಾಯಿಯ ವಿಸ್ಕಿ

ಬೇಸಿಗೆಯಲ್ಲಿ ಚಿಮ್ಮನಚೋಡ ಊರಿನ ಮನೆಗಳಲ್ಲಿ ರಾತ್ರಿ ಹೊಸ ಗಡಿಗೆಗೆ ಕಂಠಮಟ್ಟ ನೀರು ತುಂಬಿಟ್ಟರೆ ಬೆಳಗಾಗುವಷ್ಟರಲ್ಲಿ ಮಟ್ಟ ಇಳಿದಿರುತ್ತದೆ. ಗಡಿಗೆ ಬಿರುಕು ಬಿಟ್ಟಿಲ್ಲ, ಯಾರೂ ಕುಡಿದಿಲ್ಲ. ನೀರು ಮಣ್ಣಿನಿಂದ ಜಿನುಗಿ ಗಾಳಿಗೆ ಹೋಗಿದೆ. ಓಕ್ ಮರದ ಪೀಪಾಯಿಯಲ್ಲಿಟ್ಟ ವಿಸ್ಕಿಯೂ ಹೀಗೇ ಕರಗುತ್ತದೆ. ಸ್ಕಾಟ್ಲೆಂಡಿನ ತಂಪಿನಲ್ಲಿ ಅದು ವರ್ಷಕ್ಕೆ ನೂರಕ್ಕೆ ಸುಮಾರು 2 ಭಾಗ ಆವಿಯಾದರೆ, ಬೆಂಗಳೂರಿನಲ್ಲಿ 10ರಿಂದ 12. ಅದಕ್ಕೆ ‘ದೇವತೆಗಳ ಪಾಲು’ ಎಂದು ಹೆಸರು.

ಸೇಂದಿ, ಸಾರಾಯಿಯ ಸೀಮೆ ನಮ್ಮದು. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಈಗ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ‘ವಿಸ್ಕಿ’ಯಲ್ಲಿ ಬಹುಪಾಲು ಇರುವುದು ಕಬ್ಬಿನ ಕಾಕಂಬಿಯಿಂದ ತೆಗೆದ ಸ್ಪಿರಿಟ್. ಯುರೋಪಿನಲ್ಲಿ ಅದನ್ನು ವಿಸ್ಕಿ ಎಂದು ಮಾರುವಂತಿಲ್ಲ. ಅಲ್ಲಿ ಧಾನ್ಯವೇ ಬೇಕು.

ಯುರೋಪಿನ ಆ ಬಾಗಿಲನ್ನು ತಟ್ಟಿದ್ದು ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್. 1948ರಲ್ಲಿ ರಾಧಾಕೃಷ್ಣ ಜಗದಾಳೆ ಕಟ್ಟಿದ ಕಂಪನಿಯಿದು. ಅವರ ಮಗ ನೀಲಕಂಠ ಜಗದಾಳೆ 1980ರ ದಶಕದಲ್ಲಿ ಬಾರ್ಲಿಯಿಂದ ಮಾಲ್ಟ್ ವಿಸ್ಕಿ ತೆಗೆಸತೊಡಗಿದ್ದು ಕಾಕಂಬಿಯ ಸ್ಪಿರಿಟ್‌ಗೆ ಬೆರೆಸಲಿಕ್ಕೆ. ಮೊಮ್ಮಗ ರಕ್ಷಿತ್ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಓದುವಾಗ, ಅಲ್ಲಿನ ಭಾರತೀಯ ಹೋಟೆಲುಗಳಲ್ಲಿ ಬೆರಕೆಯಿಲ್ಲದ ನಮ್ಮ ಸಿಂಗಲ್ ಮಾಲ್ಟ್ ಮಾರಬಹುದೇ ಎಂದು ಅಧ್ಯಯನ ಮಾಡಿದರು. 2004ರಲ್ಲಿ ಅಮೃತ್ ಬಿಡುಗಡೆಯಾಯಿತು. ಅದೂ ಸ್ಕಾಟರ ಅಂಗಳವಾದ ಗ್ಲಾಸ್ಗೋದಲ್ಲಿ. ಎಂಥ ಧೈರ್ಯ! ಭಾರತದ ಬಾರ್ಲಿಯ ಜೊತೆ ಹೊಗೆಯಾಡಿಸಿದ ಸ್ಕಾಟ್ಲೆಂಡಿನ ಬಾರ್ಲಿ ಸೇರಿಸಿದ ‘ಫ್ಯೂಷನ್’ಗೆ ವಿಸ್ಕಿ ವಿಮರ್ಶಕ ಜಿಮ್ ಮರೆ ತಮ್ಮ 2010ರ ‘ವಿಸ್ಕಿ ಬೈಬಲ್’ನಲ್ಲಿ 97 ಅಂಕ ಕೊಟ್ಟು, ಜಗತ್ತಿನ ಮೂರನೆಯ ಉತ್ತಮ ವಿಸ್ಕಿ ಎಂದರು.

ಐರಿಷರ ದಾರಿಯೇ ಬೇರೆ. 1785ರಲ್ಲಿ ಮೊಳಕೆ ಬರಿಸಿದ ಬಾರ್ಲಿಗೆ ತೆರಿಗೆ ಬಿದ್ದಾಗ ಅವರು ಮೊಳೆಯದ ಬಾರ್ಲಿಯನ್ನೂ ಬೆರೆಸತೊಡಗಿದರು. ತೆರಿಗೆ ತಪ್ಪಿಸಲು ಮಾಡಿದ ಉಪಾಯವೇ ಐರ್ಲೆಂಡಿನ ರುಚಿಯಾಗಿ ನಿಂತಿತು. ಐರಿಷ್ ವಿಸ್ಕಿಗಳ ಪೈಕಿ ಕೈಗೆಟಕುವ ಜೇಮ್ಸನ್‌ನಂಥ ಬಾಟಲಿಗಳಲ್ಲಿ ಮೂರು ಸಲ ಬಟ್ಟಿ ಇಳಿಸಿದ ನಯವಿದೆ. ಮೂಗಿಗೆ ವೆನಿಲ್ಲಾ, ನಾಲಿಗೆಗೆ ತೆಳು ಸಿಹಿ, ಗಂಟಲಿಗೆ ಉರಿಯಿಲ್ಲ. ಆದರೆ ರುಚಿ ಬೇಗ ಮರೆಯಾಗುತ್ತದೆ. ಫ್ಯೂಷನ್ ಹಾಗಲ್ಲ. ಜೇಮ್ಸನ್‌ನ ಮದ್ಯಸಾರ ನೂರಕ್ಕೆ 40, ಇದರದು 50. ತೊಗರಿ ಕಟ್ಟಿಗೆ ಉರಿದು ಆರಿದ ಒಲೆಯ ವಾಸನೆ ಮೊದಲು, ಹಿಂದೆಯೇ ಕಿತ್ತಳೆ ಸಿಪ್ಪೆಯ ಒಗರು. ಬಿಸಿಲು ಪೀಪಾಯಿಯಿಂದ ಎಷ್ಟನ್ನು ಕದ್ದಿತೋ, ಮರದಿಂದ ಅಷ್ಟೇ ರುಚಿಯನ್ನು ಹಿಂಡಿ ಕೊಟ್ಟಿದೆ.

ನನ್ನ ತೀರ್ಪು ಇಷ್ಟು: ನಾಲ್ವರು ಕೂತು ಮಾತಾಡುವ ಸಂಜೆಗೆ ಐರಿಷ್ ಸಾಕು, ಒಂದೇ ಗುಟುಕನ್ನು ಗಮನವಿಟ್ಟು ಸವಿಯುವವರಿಗೆ ಅಮೃತ್. ಹೋಲಿಸಿ ನೋಡುವವರು ಎರಡು ಲೋಟಗಳಲ್ಲಿ ಸಮನಾಗಿ ಸ್ವಲ್ಪವೇ ಸುರಿದು, ಸೋಡಾ, ಐಸು ಬದಿಗಿಟ್ಟು, ನಾಲ್ಕು ಹನಿ ನೀರು ಬಿಟ್ಟು ಮೊದಲು ಮೂಸಿ ನೋಡಿ.